ಮೂವತ್ತು ಮೈಕ್ರಾನ್

ಲೆಸ್ಟರಿನ ಈ ನೆಲಮಾಳಿಗೆಯಲ್ಲಿ
ಕಾರಕೋರಂ ನೂರಾ ಹದಿನಾಲ್ಕು ಮರದ ಟ್ರೇಗಳಲ್ಲಿ ಮಲಗಿದೆ.
ಮೇಲೆ ಹೀಟರಿನ ಪೈಪು ಗೊರಕೆ ಹೊಡೆಯುತ್ತದೆ.
ಶುಕ್ರವಾರದೊಳಗೆ ಖಾಲಿಯಾಗಬೇಕಂತೆ.
ಬೇಕಾದ್ದನ್ನು ತೆಳ್ಳಗೆ ಕುಯ್ದು ಗಾಜಿಗೆ ಅಂಟಿಸಿ,
ಉಳಿದದ್ದು ಹಿತ್ತಲ ಸ್ಕಿಪ್ಪಿಗೆ.

ಬೇಕಾದ್ದು ಯಾವುದೆಂದು ಯಾರೂ ಹೇಳಿಲ್ಲ.

ಶಹಾಬಾದಿನ ಪರಸಿಯ ಮೇಲೆ ಅಂಬೆಗಾಲಿಟ್ಟವಳು ನಾನು.
ಕಲ್ಲೆಂದರೆ ತಣ್ಣಗೆ, ಚಪ್ಪಟೆ, ಇಟ್ಟಲ್ಲೇ ಇರುವಂಥದು.
ಇವು ಹಾಗಲ್ಲ. ಒಂದಾದರೂ ಸುಮ್ಮನೆ ಕೂತದ್ದಿಲ್ಲ.

ಕೆ-೨೭, ಸುಣ್ಣಗಲ್ಲು, ಶಾಕ್ಸ್‌ಗಾಂ ಕಣಿವೆ.
ಒದ್ದೆ ಬೆರಳಲ್ಲಿ ಒರೆಸಿದರೆ
ಗೋಧಿಕಾಳಿನಂಥ ಚಿಪ್ಪುಜೀವಿಗಳು, ಒಳಗೆಲ್ಲ ಸುರುಳಿ.
ಕಡಲು ಮುಚ್ಚಿಹೋದದ್ದು ಇವಕ್ಕಿನ್ನೂ ಗೊತ್ತಿಲ್ಲ.

ಕೆ-೬೩, ಗಾರ್ನೆಟ್.
ಬೆಳೆಯುತ್ತ ಬೆಳೆಯುತ್ತಲೇ ಹೊರಳಿದೆ.
ಒಡಲ ಕಪ್ಪು ಚುಕ್ಕಿಗಳು ತಿರುಚಿಕೊಂಡಿವೆ.
ಬೀಸುಕಲ್ಲಿನ ಗೂಟ ಹಿಡಿದವರು
ನೋಡಿದ ಕೂಡಲೇ ಹೇಳಿಯಾರು, ಎತ್ತ ತಿರುಗಿತೆಂದು.

ಕೆ-೮೮, ಬಲ್ಟೋರೋ ಗ್ರಾನೈಟ್.
ನಡುರಾತ್ರಿಗೆ ಅವ್ವ ಅನ್ನುತ್ತಿದ್ದಳು, ಕಲ್ಲು ನೀರು ಕರಗೋ ಹೊತ್ತು.
ಎರಡು ಕೋಟಿ ವರ್ಷದ ಹಿಂದೆ
ನೆಲಕ್ಕೆ ನೆಲ ಹಾಯ್ದು, ಅಡಿಯಲ್ಲೆಲ್ಲೋ
ಆ ಹೊತ್ತು ನಿಜಕ್ಕೂ ಬಂದಿತ್ತು.

ಗಂಧ ತೇಯ್ದಂತೆ ತೇಯುತ್ತೇನೆ, ಎಂಟು ಬರೆಯುತ್ತ,
ಇಂಗ್ಲಿಷಿನ ಎಂಟು; ಕನ್ನಡದ್ದು ಕೂಡಿಕೊಳ್ಳುವುದಿಲ್ಲ.
ಮೈಕ್ರೋಸ್ಕೋಪಿನಡಿ ಸ್ಫಟಿಕ ಹಳದಿಯಾದರೆ ಇನ್ನೂ ದಪ್ಪ.
ಬೂದಿಯಾದರೆ ಸಾಕು, ಮೂವತ್ತು ಮೈಕ್ರಾನ್.
ಮೇಲೆ ನಾಲ್ಕು ಸುತ್ತು ತೇಯ್ದರೆ
ಬೆಟ್ಟವಿಲ್ಲ, ಬರೀ ಗಾಜು.

ಕೊನೆಯ ಟ್ರೇಯ ತಳದಲ್ಲೊಂದು ನೋಟ್‌ಬುಕ್.
ಪೆನ್ಸಿಲಿನಲ್ಲಿ ಎತ್ತರ, ಪದರದ ಬಾಗು, ಗಾಳಿ.
ಹಿಂದಿನ ಪುಟದಲ್ಲಿ: ಮುಖ್ತಾರ್, ಅಸ್ಕೋಲೆ,
ಇಪ್ಪತ್ತೈದು ಕಿಲೋ, ಒಂಬತ್ತು ದಿನ, ಚುಕ್ತಾ.
ಬದಿಗೆ ಸಣ್ಣಕ್ಷರದಲ್ಲಿ:
‘ಕೇಳಿದ, ನಿಮ್ಮೂರಲ್ಲಿ ಕಲ್ಲಿಲ್ಲವೇ?’
ಉತ್ತರ ಬರೆದಿಲ್ಲ.

ಶುಕ್ರವಾರ ಲಾರಿ ಬಂತು.
ಗ್ಯಾರೆತ್ ಒಂದೊಂದೇ ಟ್ರೇ ಎತ್ತಿ ಸುರಿದ.
ಹೊಸ ಕಾರ್ ಪಾರ್ಕಿನ ಅಡಿಗೆ ಹಾಕುತ್ತಾರೆ, ಅಂದ,
ಸೊಂಟ ಹಿಡಿದುಕೊಂಡು.
ಮುಖ್ತಾರನ ಸೊಂಟದ ಸುದ್ದಿ ನಾನು ಎತ್ತಲಿಲ್ಲ.

ನೋಟ್‌ಬುಕ್ ನನ್ನ ಚೀಲದಲ್ಲಿದೆ.

ಕೈ ತೊಳೆದೆ. ಉಗುರುಸಂದಿಯ ಬೂದು ಹಿಟ್ಟು
ತೊಟ್ಟಿಯಲ್ಲಿ ಒಂದು ಸುತ್ತು ತಿರುಗಿ ಇಳಿಯಿತು.
ಈ ಊರಿನ ನದಿಯ ಹೆಸರೇ ಸೋರ್.
ಅವರಿಗೆ ಅದು ಬರೀ ಹೆಸರು.
ಸೋರಿ ಸೋರಿ ಅದೂ ಕಡಲಿಗೇ ಹೋಗುತ್ತದೆ,
ಗೋಧಿಕಾಳುಗಳೇ, ತುಸು ಉಪ್ಪು ಕಡಿಮೆ ಇದ್ದೀತು,
ಹೊಂದಿಕೊಳ್ಳಿ.