ಆಜಿ ಅಂದರೆ ಆರು

ಮಲ್ಪೆಯ ಗಾಳಿಗೆ ಕಬ್ಬಿಣದ ರುಚಿ ಗೊತ್ತು.
ಐಸ್ ಪ್ಲಾಂಟಿನ ಆಫೀಸಿನ ಕಂಪ್ಯೂಟರು
ಸೆಪ್ಟೆಂಬರಿನ ಒಂದು ಸೋಮವಾರ ಕಣ್ಣು ಬಿಡಲಿಲ್ಲ.
ಅಫ್ವಾನ್ ಬಂದು ಡಬ್ಬಿ ಬಿಚ್ಚಿ ತೋರಿಸಿದ:
ಮದರ್‌ಬೋರ್ಡಿನ ಮೇಲೆ ಹಸಿರು ಕಿಲುಬು,
ಹಳೆ ಕೊಡಪಾನದ ಕಂಠದಲ್ಲಿ ಕೂರುವಂಥದು.
"ಉಪ್ಪು ತಿಂದಿದೆ ಅಕ್ಕ, ನೀರೂ ಕುಡಿದಿದೆ."

ಹೊಸ ಬೋರ್ಡು, ಹೊಸ ಪ್ರೊಸೆಸರು, ಮೆಮೊರಿ ದುಪ್ಪಟ್ಟು.
ಹಾರ್ಡ್ ಡಿಸ್ಕು ಮಾತ್ರ ಹಳೆಯದೇ,
ಏಳು ವರ್ಷದ ಬೋಟುಗಳ ಬಾಕಿ ಹೊತ್ತುಕೊಂಡು.

ಸ್ಕ್ರೀನು ಬೆಳಗಿತು. ಆದರೆ ಬಲಮೂಲೆಯಲ್ಲಿ
ಬೂದು ಬಣ್ಣದ ಎರಡು ಸಾಲು,
ವಿಂಡೋಸ್ ಆಕ್ಟಿವೇಟ್ ಮಾಡಿ ಅಂತ.
ಸರಿಯಾಗಿ 'ಒಟ್ಟು' ಎಂಬ ಕಾಲಮ್ಮಿನ ಮೇಲೆ,
ಗಾಜಿಗೆ ಅಂಟಿದ ಮೀನಿನ ಹುರುಪೆಯ ಹಾಗೆ.
ಉಗುರಿನಿಂದ ಕೆರೆದೆ, ಸುಳ್ಳು ಯಾಕೆ.

ಕದ್ದ ಲೈಸೆನ್ಸಲ್ಲ.
ಧಣಿ ಚೌಕಾಸಿ ಮಾಡಿ ಮಾಡಿ
ಕೊನೆಗೆ ಪೂರ್ತಿ ದುಡ್ಡು ಕೊಟ್ಟು ತಂದದ್ದು.
ಪೆಟ್ಟಿಗೆ ಉಂಟು, ಈಗ ಅದರಲ್ಲಿ ಡೀಸೆಲ್ ಚೀಟಿಗಳು.
ಕೀಲಿಯ ಇಪ್ಪತ್ತೈದು ಅಕ್ಷರದಲ್ಲಿ ಒಂದು ಒರೆಸಿಹೋಗಿ
ಬಿ ಯೋ ಎಂಟೋ ತಿಳಿಯದು.
ಬಿ ಹಾಕಿದೆ. ಅಲ್ಲವಂತೆ. ಎಂಟು ಹಾಕಿದೆ.
ಕೀಲಿ ಸರಿ, ಯಂತ್ರ ಬೇರೆ, ಅಂದಿತು.

ಫೋನು ಮಾಡಿದೆ.
ಒಂಬತ್ತು ಗುಂಪು, ಗುಂಪಿಗೆ ಏಳು ಅಂಕಿ.
ಹರಾಜಿನಲ್ಲಿ ಬಂಗುಡೆಯ ಬುಟ್ಟಿ ಎಣಿಸಿದ ನಾಲಿಗೆ ನನ್ನದು,
ನಾಲ್ಕನೇ ಗುಂಪಿನಲ್ಲಿ 'ಆಜಿ' ಎಂದುಬಿಟ್ಟೆ.
ಆಚೆಯ ಹುಡುಗಿ ತಡೆದಳು: ಏನಂದಿರಿ?
ಆರು, ತಾಯಿ. ಆಜಿ ಅಂದರೆ ಆರು.
ಏನು ಬದಲಾಯಿಸಿದಿರಿ?
ಒಳಗಿನದೆಲ್ಲ.
ಎಷ್ಟು ಕಂಪ್ಯೂಟರಿನಲ್ಲಿ ಹಾಕಿದ್ದೀರಿ?
ಒಂದೇ.
ಹಾಗಾದರೆ ಹಳೆಯದು?

ಹಳೆಯದೇ ಇದು, ಎನ್ನಲು ಹೋಗಿ ಸುಮ್ಮನಾದೆ.
ಕಿಟಕಿಯಾಚೆ, ಸೀಸನ್ನಿನ ನಡುವೆಯೇ ದಡ ಹತ್ತಿದ ಬೋಟಿಗೆ
ಜಯಕರ ಕುಂದರ್ ಮೂರನೇ ಇಂಜಿನು ಇಳಿಸುತ್ತಿದ್ದರು.
ಹಲಗೆ ಬದಲಾಗಿ ಯಾವ ಕಾಲವಾಯಿತೋ;
ಹೆಸರಿನ ಮೇಲೆ ಬಣ್ಣ ಬಳಿದು ಬಳಿದು
ಅಕ್ಷರ ಬೆರಳು ದಪ್ಪಕ್ಕೆ ಉಬ್ಬಿತ್ತು.

ನಲವತ್ತೆಂಟು ಅಂಕಿ ಹೇಳಿದಳು, ಆರಾರರಂತೆ. ಒತ್ತಿದೆ.
ಹುರುಪೆ ಕಳಚಿತು. ಒಟ್ಟು ಕಂಡಿತು.
ನೋಡಿ ಸಂತೋಷಪಡುವಂಥ ಒಟ್ಟೇನಲ್ಲ.

ಬಾಗಿಲಲ್ಲಿ ಹುಲಗಪ್ಪ, ಖಾಲಿ ಚೀಲ ಹಿಡಿದು.
ಕುಷ್ಟಗಿಯಿಂದ ಬಂದು ಹನ್ನೊಂದು ಸೀಸನ್ನು,
ಐಸು ಎತ್ತಿ ಎತ್ತಿ
ಹೆಬ್ಬೆರಳಿನ ಗೆರೆಯೆಲ್ಲ ಸವೆದು ನುಣುಪು.
"ರೇಷನ್ ಅಂಗಡ್ಯಾಗ ಮಷಿನ್ನು
ಇದು ನಾನಲ್ಲಂತ ಅಂತೈತ್ರಿ ಮೇಡಂ.
ಮೂರು ಸಲ ಒತ್ತೀನಿ."

ಯಾವ ನಂಬರಿಗೆ ಮಾಡಲಿ ಹುಲಗಪ್ಪ,
ಯಾರಿಗೆ ಓದಿ ಹೇಳಲಿ ನಿನ್ನ, ಏಳೇಳು ಅಂಕಿಯಾಗಿ?
ಒಂದೇ ಕಡೆ ಉಂಟು ಈ ಜನ, ಒಂದೇ, ಅಂತ?

ನೆಲದ ಮೇಲಿನ ಸ್ಕ್ರೂ ಹೆಕ್ಕುತ್ತಾ ಅಫ್ವಾನ್ ಅಂದ:
"ತಣ್ಣಗಿನ ಬೆರಳು ಓದುವುದಿಲ್ಲ ಅದು. ಬಿಸಿ ಮಾಡಿ ನೋಡಿ."

ಹಾಗಾಗಿ ಈಗ, ಹೊಸ ಫ್ಯಾನಿನ ಹಿಂದೆ
ಕುಕ್ಕರಗಾಲಲ್ಲಿ ಕೂತು ಹುಲಗಪ್ಪ
ಹೆಬ್ಬೆರಳು ಕಾಯಿಸುತ್ತಿದ್ದಾನೆ.
ಅಂಗಡಿ ಮುಚ್ಚುವುದು ಒಂದು ಗಂಟೆಗೆ.
ಯಂತ್ರಕ್ಕೆ ನಿದ್ದೆ ಹತ್ತದ ಹಾಗೆ
ನಾನು ಆಗಾಗ ಮೌಸು ಅಲ್ಲಾಡಿಸುತ್ತಿದ್ದೇನೆ.