ನಡುವಿನ ಗುಂಡಿ

ಎಂಟೂಕಾಲಿಗೆ ಡಿಪೋದಲ್ಲಿ ಲೆಕ್ಕ ಒಪ್ಪಿಸಿ
ಕಲ್ಲಹಳ್ಳಿಯ ಮನೆಗೆ ನಡೆದು ಬಂದರೆ
ಕೈಯಲ್ಲಿನ್ನೂ ಚಿಲ್ಲರೆಯ ವಾಸನೆ.
ಸೋಪಿಗೆ ಹೋಗದ್ದು
ಬೆಳ್ಳುಳ್ಳಿ ಜಜ್ಜಿದರೆ ಹೋಗುತ್ತದೆ.

ರಾತ್ರಿಗೆ ಉಪ್ಸಾರು. ಇನ್ನೇನು ಮಾಡಲಿ?
ಅವರೆಕಾಳು ಅವ್ವ ಬೇಯಿಸಿಟ್ಟಿದ್ದಳು,
ದಂಟಿನ ಸೊಪ್ಪು ಬಿಡಿಸಿಟ್ಟಿದ್ದಳು.
ಒಣಮೆಣಸಿನಕಾಯಿ ಸುಟ್ಟು, ಮೆಣಸು, ಹುಣಿಸೆ ಸೇರಿಸಿ
ಒರಳಲ್ಲಿ ನಾಲ್ಕು ಸಲ ತಿರುವಿದರೆ ಖಾರ ಮುಗಿಯಿತು.
ಹಿಟ್ಟಿನ ಕೋಲು ಮಾತ್ರ ನಾನೇ ಹಿಡಿಯಬೇಕು;
ಅವ್ವನ ಮಣಿಕಟ್ಟಿಗೆ ಈಗ ಆಗುವುದಿಲ್ಲ.

ಮುದ್ದೆಯ ನೆತ್ತಿಗೆ ಹೆಬ್ಬೆರಳೊತ್ತಿ
ಗುಂಡಿ ಮಾಡಿ, ತುಪ್ಪ ಬಿಟ್ಟು,
ಆಮೇಲೆ ಮಾತು. ಮೊದಲ ಐದು ತುತ್ತಿಗೆ
ನಮ್ಮ ಮನೆಯಲ್ಲಿ ಮಾತಿಲ್ಲ.

ಆರನೆಯದಕ್ಕೆ ತಮ್ಮ ಕೇಳಿದ:
"ಅಕ್ಕ, ಆ ಓವನ್ನು ಕೊನೆಗೆ ಯಾರ ಮನೇಲಿ ಉಳೀತು?"

ಯಾರಿಗೂ ಗೊತ್ತಿಲ್ಲ.
ಷುಗರ್ ಟೌನಿನ ನಮ್ಮ ಸಾಲಿಗೆಲ್ಲ ಒಂದೇ ಓವನ್ನು,
ಲೂರ್ದಮ್ಮ ಟೀಚರದು. ಅಲ್ಯೂಮಿನಿಯಮ್ಮಿನ ದುಂಡನೆ ಡಬ್ಬ,
ಮುಚ್ಚಳದಲ್ಲೊಂದು ಗಾಜಿನ ಕಣ್ಣು,
ಬಟ್ಟೆ ಸುತ್ತಿದ ಕರಿ ವೈರು.
ಟವೆಲ್ಲಿನಲ್ಲಿ ಬಾಣಂತಿ ಮನೆಯ ಕೂಸಿನ ಹಾಗೆ ಸುತ್ತಿಕೊಂಡು
ಸೈಕಲ್ ಕ್ಯಾರಿಯರಿನ ಮೇಲೆ ಹೋಗುತ್ತಿತ್ತು
ಬಾಯ್ಲರ್ ಸಿಂಗ್ರಯ್ಯನವರ ಮನೆಗೆ, ದಿಲ್ಷಾದಳ ಮನೆಗೆ.
ನಮ್ಮ ಸರದಿ ತಿಂಗಳಿಗೊಮ್ಮೆ. ಅದು ಸೋಮವಾರ ಬಿದ್ದರೆ
ಅಜ್ಜಿ ಮೊಟ್ಟೆ ಒಡೆಯಬಿಡುತ್ತಿರಲಿಲ್ಲ;
ಓವನ್ನು ಒಂದು ರಾತ್ರಿ ನೆಂಟನ ಹಾಗೆ
ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಿತ್ತು.

ವಾರದ ಕೆನೆ, ಒರಳಲ್ಲಿ ಕುಟ್ಟಿದ ಸಕ್ಕರೆ
(ಫ್ಯಾಕ್ಟರಿ ಬೆನ್ನಿಗಿದ್ದರೂ ನಮಗೆ ರೇಷನ್ನಿನದೇ),
ಹನಿ ಲೆಕ್ಕದ ವೆನಿಲಾ.
ಊರಿಗೆಲ್ಲ ಕಾಕಂಬಿಯ ಕಮಟು ಬಡಿಯುತ್ತಿದ್ದಾಗ
ನನ್ನ ಪೆನ್ಸಿಲ್ ಡಬ್ಬಿಯೊಳಗೆ ಆ ಖಾಲಿ ಬಾಟಲಿ.

ಬೆಣ್ಣೆ ಕಾಗದ ಯಾರು ಕಂಡಿದ್ದರು?
ನನ್ನ ಮಗ್ಗಿ ಬರೆದ ಹಾಳೆಗೆ ಎಣ್ಣೆ ಸವರಿ ಹಾಸಿದ್ದಳು ಅವ್ವ.
ಬೋರಲು ಹಾಕಿದರೆ ಕೇಕಿನ ತಳದಲ್ಲಿ
ಹದಿಮೂರರ ಮಗ್ಗಿ, ನೀಲಿಯಾಗಿ, ತಿರುಗುಮುರುಗಾಗಿ.
ಹದಿಮೂರೇಳ್ಲಿ ತೊಂಬತ್ತೊಂದನ್ನು ಮಾದೇಶ ತಿಂದ.
ಇವತ್ತಿಗೂ ಅಲ್ಲಿ ಅವನು ತಡವರಿಸುತ್ತಾನೆ.

ಏಳು ಗಂಟೆಗೆ ಸಾಲೆಲ್ಲ ದೀಪ ಹಾಕಿದರೆ
ಕರೆಂಟು ಸೊರಗುತ್ತಿತ್ತು. ಗಾಜಿನ ಕಣ್ಣಲ್ಲಿ ನೋಡನೋಡುತ್ತಲೇ
ಉಬ್ಬಿದ ಕೇಕು ನಡುವೆ ಕುಸಿಯುತ್ತಿತ್ತು.
ಅವ್ವ ಒಂದು ಸಲವೂ ಅಯ್ಯೋ ಅನ್ನಲಿಲ್ಲ.
ಗುಂಡಿಗೆ ಬಿಸಿ ಹಾಲು, ಸಕ್ಕರೆ ಸುರಿದು
"ಇದು ಇರೋದೇ ಹಿಂಗೆ" ಅಂದಳು. ನಂಬಿದೆವು.
ಬೇಕರಿಯಲ್ಲಿ ಸಮತಟ್ಟು ಕೇಕು ಕಂಡಾಗ
ಪಾಪ, ಇವರಿಗೆ ಬರುವುದಿಲ್ಲ ಅಂದುಕೊಂಡೆವು.

ಹೋದ ತಿಂಗಳು ಕಂತಿನಲ್ಲಿ ಹೊಸದು ತಂದೆ, ಚೌಕದ್ದು.
ಇವತ್ತು ಊಟಕ್ಕೆ ಕೂರುವ ಮೊದಲೇ ಕೇಕು ಒಳಗಿಟ್ಟೆ.
ಇಪ್ಪತ್ತನೇ ನಿಮಿಷಕ್ಕೆ, ಎಂಜಲು ಕೈಯಲ್ಲೇ ಎದ್ದು,
ಬೇಕೆಂದೇ ಬಾಗಿಲು ತೆರೆದೆ. ಕುಸಿಯಲಿಲ್ಲ.
ಮತ್ತೆ ತೆರೆದೆ. ಎಲ್ಲಿ!
ಹೊಸ ಡಾಂಬರಿನ ಹಾಗೆ ಸಪಾಟು,
ನನ್ನ ಮಳವಳ್ಳಿ ರೂಟಿಗೆ ಎಂದೂ ಬಾರದ ಭಾಗ್ಯ.
ಮಾದೇಶ ಒಂದು ಚೂರು ಮುರಿದು "ಚೆನ್ನಾಗೈತೆ" ಅಂದ,
ಬೀಗರ ಮನೆಯಲ್ಲಿ ಅನ್ನುವ ಹಾಗೆ.

ಅವ್ವ ತಟ್ಟೆ ಎಳೆದುಕೊಂಡಳು.
ಹಬೆಯಾಡುವ ಕೇಕಿನ ನೆತ್ತಿಗೆ
ಹೆಬ್ಬೆರಳೊತ್ತಿದಳು, ಮುದ್ದೆಗೆ ಒತ್ತಿದ ಹಾಗೆ.
"ಹಾಲೆಲ್ಲಿ?" ಅಂದಳು.

ಪ್ಯಾಕೆಟ್ಟು ಫ್ರಿಜ್ಜಿನಲ್ಲಿ ಗಡ್ಡೆಕಟ್ಟಿತ್ತು.
ಒಲೆಯ ಮೇಲೆ ಅದು ಕರಗಿ ಕಾಯುವ ತನಕ
ಮಾದೇಶ ಹಿಟ್ಟಿನ ಪಾತ್ರೆಯ ಸೀಕಲು ಕೆರೆದು ತಿನ್ನುತ್ತ
ಹದಿಮೂರೆಂಟ್ಲಿ ಎಷ್ಟು ಅಂತ ಕೇಳುತ್ತಿದ್ದ.