ಕೇಳಬಾರದ ಪ್ರಶ್ನೆ

ಮೊದಲ ದಿನವೇ ಸಬೀಹಾ ಆಪಾ ಹೇಳಿದ್ದು:
‘ನೆನಪಿದೆಯಾ’ ಅಂತ ಮಾತ್ರ ಕೇಳಬೇಡಿ.
ಅದು ಪರೀಕ್ಷೆ. ಪರೀಕ್ಷೆ ಬರೆಯೋಕೆ ಯಾರೂ ಬಂದಿಲ್ಲ ಇಲ್ಲಿ.
ವಸ್ತು ಕೈಗೆ ಕೊಡಿ, ಸುಮ್ಮನೆ ಪಕ್ಕ ಕೂತ್ಕೊಳ್ಳಿ.

ನಮ್ಮ ಆಫೀಸು ಮರ್ಫಿ ಟೌನಿನಲ್ಲಿ,
ಹಿಟ್ಟಿನ ಗಿರಣಿಯ ಮೇಲೆ.
ರಶೀದಿ ಪುಸ್ತಕದ ಮೇಲೂ ರಾಗಿ ಧೂಳು.
ಕೆಳಗೆ ಬೆಲ್ಟು ತಿರುಗಿತೋ
ಶೆಲ್ಫಿನ ಮೂವತ್ತೊಂದು ಶೀಷೆಗಳು
ಒಟ್ಟಿಗೆ ಹಲ್ಲು ಕಡಿಯುತ್ತವೆ:
ನಶ್ಯ, ಸೀಗೆಕಾಯಿ, ಸೀಮೆಎಣ್ಣೆ,
ಸ್ಲೇಟು ಒರೆಸಿದ ಒದ್ದೆ ಬಟ್ಟೆ,
ಬೇಕರಿಯ ಬೆಳಗಿನ ಜಾವ ನಾಲ್ಕು ಗಂಟೆ.
ಜಸಿಂತಾ ಅದನ್ನು ಹೇಗೆ ಹಿಡಿದಳೋ,
ಕೇಳಿದರೆ ನಗುತ್ತಾಳೆ.

ಟ್ರಂಕು ಪುಟ್ಟಲಿಂಗಯ್ಯನ ಆಟೊದಲ್ಲಿ ಹೋಗುತ್ತದೆ,
ಸೋಮವಾರ ಶ್ರೀರಾಮಪುರ, ಬುಧವಾರ ಕಾಕ್ಸ್ ಟೌನು.
ನಾನು ಲೆಕ್ಕದವಳು.
ಹಣ ಕೊಡುವವರ ಫಾರಮ್ಮಿನಲ್ಲಿ ಒಂದು ಕಾಲಂ ಇದೆ,
‘ಈ ಮೂರು ತಿಂಗಳಲ್ಲಿ ಸುಧಾರಿಸಿದವರ ಸಂಖ್ಯೆ’.

ಮುನಿವೆಂಕಟಮ್ಮನವರನ್ನು ಅದರಲ್ಲಿ ಎಲ್ಲಿ ತುಂಬಲಿ?
ಐದು ವಾರ ಒಂದು ಮಾತಿಲ್ಲ.
ಆರನೇ ವಾರ ನೂಲಿನ ಕೋನು ಕೊಟ್ಟೆವು.
ತಿರುಗಿಸಿ ನೋಡಿದರು. ಎಳೆ ಕಿತ್ತು,
ಹಲ್ಲಿಲ್ಲದ ಬಾಯಲ್ಲಿ ಒದ್ದೆ ಮಾಡಿ
ಕಣ್ಣು ಮಿಟುಕುವಷ್ಟರಲ್ಲಿ ಗಂಟು ಹಾಕಿ,
‘ಯಾವನು ಸುತ್ತಿದ್ದು ಇದನ್ನ, ಇಷ್ಟು ಸಡಿಲ?
ಮೇಸ್ತ್ರಿ ಕಂಡ್ರೆ ಅರ್ಧ ಕೂಲಿ ಮುರೀತಾನೆ’
ಎಂದು ನಮಗೆಲ್ಲ ಬೈದು
ಕೋನನ್ನು ಸೆರಗಿಗೆ ಕಟ್ಟಿಕೊಂಡು ಹೊರಟೇಬಿಟ್ಟರು.
ತಡೆಯುವ ಧೈರ್ಯ ಯಾರಿಗಿತ್ತು.
ರಿಜಿಸ್ಟರಿನಲ್ಲಿ ಬರೆದೆ: ಕೋನು, ಒಂದು ಕಮ್ಮಿ.
ಮುಂದಿನ ವಾರ ಮತ್ತೆ ಮಾತಿಲ್ಲ.

ಸೀಮೆಎಣ್ಣೆ ಶೀಷೆ ಈಗ ಟ್ರಂಕಿಗೆ ಹಾಕುವುದಿಲ್ಲ.
ಒಮ್ಮೆ ಮುಚ್ಚಳ ತೆಗೆದದ್ದೇ
ದೊರೆರಾಜ್ ಎದ್ದು ಹೋಗಿ
ಅಂಗಳದ ಗೋಡೆಗೆ ಮುಖ ಮಾಡಿ ನಿಂತರು, ಊಟದ ಹೊತ್ತಿನವರೆಗೂ.
ಅವರ ಮನೆಯಲ್ಲಿ ಯಾರು, ಯಾವಾಗ,
ನಾವು ಕೇಳಲಿಲ್ಲ.

ಮೊನ್ನೆ ಶುಕ್ರವಾರ ಶೀಷೆಗಳಿಗೆ ಹೊಸ ಚೀಟಿ.
ಆಪಾಗೆ ಎಪ್ಪತ್ತೆರಡು, ಅಕ್ಷರ ಇನ್ನೂ ಮುತ್ತು.
ಹದಿನೇಳನೆಯದರ ಮುಚ್ಚಳ ತೆಗೆದು ಮೂಸಿ
ಪೆನ್ನು ಹಿಡಿದೇ ನಿಂತರು.
ಮತ್ತೆ ಮೂಸಿದರು.
ಕರೆಂಟು ಹೋಗಿ ಗಿರಣಿ ನಿಂತಿತ್ತು, ಅದಕ್ಕೇ ಇರಬೇಕು
ಅಷ್ಟು ಹೊತ್ತು ಅನಿಸಿದ್ದು.
ಜಸಿಂತಾ ನನ್ನ ಮುಖ ನೋಡಿದಳು.
ನಾನು ಲೆಕ್ಕದ ಪುಸ್ತಕ ನೋಡಿದೆ.
ನಾಲಿಗೆ ತುದಿಯಲ್ಲಿ ಆ ಎರಡು ಪದ,
ಕೇಳಬಾರದ್ದು.

ಜಸಿಂತಾ ಕುರ್ಚಿ ಎಳೆದು ಪಕ್ಕ ಕೂತಳು.
ಶೀಷೆ ಕೈಯಿಂದ ಕೈಗೆ ಬಂತು. ನಾನೂ ಮೂಸಿದೆ.
ಟ್ರಂಕು ಒಯ್ಯಲು ಬಂದ ಪುಟ್ಟಲಿಂಗಯ್ಯ
ಅದರ ಮೇಲೇ ಕೂತು ಮೂಗು ತೂರಿಸಿ,
‘ಮೆಂತ್ಯ ಅಲ್ವಾ?’ ಎಂದ.

‘ಅಲ್ಲ’ ಎಂದರು ಆಪಾ, ತಕ್ಷಣ,
ವಾರ್ಡಿನಲ್ಲಿ ಹೊಸ ನರ್ಸುಗಳನ್ನು ಗದರುತ್ತಿದ್ದ ಅದೇ ದನಿಯಲ್ಲಿ.
ಅಷ್ಟಂತೂ ಗೊತ್ತಿತ್ತು ಅವರಿಗೆ.